ಗುಂಯ್ ಸದ್ದಿಗೆ 38,000 ರೂಪಾಯಿ ಪವರ್ ಕೇಬಲ್ಲಂತೆ!

ಹೊಟ್ಟೆ ಉರೀತಿದೆ, ಬರೀಲೇಬೇಕು. ಮಂಡ್ಯದಲ್ಲಿರೋ ನಮ್ಮಪ್ಪನಿಗೆ ಮೈಸೂರಿನ ಒಂದು ಆಡಿಯೋ ಅಂಗಡಿಯವರು 38,000 ರೂಪಾಯಿಗೆ ಒಂದೂವರೆ ಮೀಟರ್ ಪವರ್ ಕೇಬಲ್ ಕಟ್ಟಿ ಕಳಿಸಿದ್ದಾರೆ. ಪಿಂಚಣಿ ದುಡ್ಡು ಅದು. ಆಂಪ್ಲಿಫೈಯರಲ್ಲಿ ಗುಂಯ್ ಅನ್ನೋ ಸದ್ದು, ದೊರೆಸ್ವಾಮಿ ಅಯ್ಯಂಗಾರರ ವೀಣೆ ನೆಮ್ಮದಿಯಾಗಿ ಕೇಳೋಕಾಗ್ತಿಲ್ಲ ಅಂತ ಹೇಳ್ಕೊಂಡು ಹೋಗಿದ್ದರು, ಅಷ್ಟೇ. ಮನೇಲಿ ಅರ್ಥಿಂಗ್ ಸರಿ ಇದೆಯಾ, ಆಂಪ್‌ಗೆ ಇನ್ನೇನೇನು ಜೋಡಿಸಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ. ನಿಮ್ಮೂರ ಕರೆಂಟು ಕೊಳಕು ಸಾರ್, ಈ ಬೆಳ್ಳಿ ಲೇಪದ ಕೇಬಲ್ಲು ಸೋಸಿಕೊಡುತ್ತೆ ಅಂದರಂತೆ.

ಏನ್ರೀ ಸೋಸೋದು? ಗೋಡೆಯ 230 ವೋಲ್ಟ್ ನೇರ ಸ್ಪೀಕರ್‌ಗೆ ಹೋಗುತ್ತಾ? ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್ ಅದನ್ನ ಇಳಿಸುತ್ತೆ, ರೆಕ್ಟಿಫೈಯರ್ ಒಂದೇ ದಿಕ್ಕಿಗೆ ಹರಿಯೋ ಕರೆಂಟು, ಅಂದ್ರೆ ಡಿಸಿ ಮಾಡುತ್ತೆ, ದಪ್ಪ ಕೆಪಾಸಿಟರ್‌ಗಳು ಏರಿಳಿತ ನುಂಗಿಹಾಕ್ತವೆ. 1.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ಕೇಬಲ್ಲು ಅಷ್ಟುದ್ದಕ್ಕೆ, ಹೋಗಿಬರೋ ಎರಡೂ ತಂತಿ ಸೇರಿ, ಕರೆಂಟಿಗೆ ಒಡ್ಡೋ ತಡೆ ಸುಮಾರು 0.035 ಓಮ್. 200 ವ್ಯಾಟ್ ಎಳೆಯೋ ಆಂಪ್‌ಗೆ ಒಂದು ಆಂಪಿಯರ್ ಕೂಡ ಬೇಡ. ಕೇಬಲ್ಲಲ್ಲಿ ಕಳೆಯೋದು 0.03 ವೋಲ್ಟ್. ಪಕ್ಕದ ಗದ್ದೆ ಪಂಪ್‌ಸೆಟ್ಟೋ ಆಲೆಮನೆ ಮೋಟರೋ ಶುರುವಾದರೆ ಬಲ್ಬು ಮಂಕಾಗೋ ಕಡೆ ನಮ್ಮ ಮನೆ ಇರೋದು. ಅಲ್ಲಿ ಈ ಲೆಕ್ಕಕ್ಕೆ ಏನು ಬೆಲೆ?

ಅಮೆರಿಕದಲ್ಲಿ 2004ರಲ್ಲೇ ಆಡಿಯೋ ಹುಚ್ಚಿನವರನ್ನೇ ಕೂರಿಸಿ, ಯಾವ ಕೇಬಲ್ ಅಂತ ಹೇಳದೆ ಪರೀಕ್ಷೆ ಮಾಡಿದ್ರು. ದುಬಾರಿ ಪವರ್ ಕೇಬಲ್ಲನ್ನ ಅವರು ಸರಿಯಾಗಿ ಗುರುತಿಸಿದ್ದು 149ರಲ್ಲಿ 73 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರ್ತಿತ್ತು.

ಊರಿಗೆ ಹೋದಾಗ ನೋಡ್ದೆ. ಸೆಟ್‌ಟಾಪ್ ಬಾಕ್ಸಿನ ಆಡಿಯೋ ವೈರು ಆಂಪ್‌ಗೆ ಹೋಗಿದೆ. ಬಾಕ್ಸ್ ಹಿಂದೆ ತಿರುಪಿರೋ ಟಿವಿ ಕೇಬಲ್ ಬಿಚ್ಚಿದೆ, ಸದ್ದು ಗಪ್. ಮತ್ತೆ ತಿರುಪಿದೆ, ಗುಂಯ್. ಟಿವಿ ಕೇಬಲ್ಲಿಗೆ ಎಲ್ಲೋ ಒಂದು ಕಡೆ ಅರ್ಥ್, ನಮ್ಮ ಮನೆಗೆ ಇನ್ನೊಂದು ಕಡೆ. ಎರಡರ ಮಧ್ಯೆ ಸುತ್ತೋ ಕರೆಂಟೇ ಈ ಸದ್ದು. ಇದಕ್ಕೇ ಗ್ರೌಂಡ್ ಲೂಪ್ ಅನ್ನೋದು. ಆ ಸುತ್ತನ್ನ ಕಡಿಯೋ ಐಸೊಲೇಟರ್ ಅನ್ನೋ ಪುಟ್ಟ ಸಾಧನ ಕೆಲವು ನೂರು ರೂಪಾಯಿ. ಇಷ್ಟು ಗೊತ್ತಿಲ್ಲದವನು ಆಡಿಯೋ ಅಂಗಡಿ ಯಾಕೆ ಇಟ್ಕೋಬೇಕು? ಗೊತ್ತಿದ್ದೂ ಮಾರಿದ್ದರಂತೂ ಹಾಡಹಗಲ ದರೋಡೆ.

ಕೇಬಲ್ಲು ಚೆನ್ನಾಗಿರಲಿ, ಬೇಡ ಅನ್ನಲ್ಲ. ಪ್ಲಗ್ ಸಡಿಲ ಇರಬಾರದು, ಅರ್ಥ್ ಪಿನ್ ಇರಬೇಕು, ಐಎಸ್‌ಐ ಗುರುತು ಬೇಕು. ಅಷ್ಟಕ್ಕೆ ಐನೂರು ರೂಪಾಯಿ ಧಾರಾಳ ಆಯ್ತು.

ದುಡ್ಡಿಗಿಂತ ನನಗೆ ಉರಿದಿದ್ದು ಆಮೇಲಿನ ಮಾತಿಗೆ. ಸದ್ದು ಹೋಗಿಲ್ಲ ಅಂತ ಅಪ್ಪ ಫೋನ್ ಮಾಡಿದರೆ, ಇನ್ನೂರು ಗಂಟೆ ಓಡಿಸಿ, ಕೇಬಲ್ ಪಳಗಬೇಕು ಅಂದರು. ಓಡಿಸಿ ಆಯ್ತು. ಮತ್ತೆ ಕೇಳಿದರೆ, ನಿಮ್ಮ ಕಿವಿ ಪಳಗಿಲ್ಲ ಅಂದಿದ್ದಾರೆ! ಶ್ರುತಿ ಒಂದೆಳೆ ಇಳಿದರೆ ಅಡುಗೆಮನೆಯಿಂದಲೇ ಹೇಳೋ ಮನುಷ್ಯ ಅವರು. ಆವತ್ತಿಂದ, ವಯಸ್ಸಾಯ್ತಲ್ಲ, ಕಿವಿ ಹೋಗಿರಬೇಕು ಅಂತ ಅವರೇ ಹೇಳ್ಕೊಂಡು ಓಡಾಡ್ತಿದ್ದಾರೆ.

ಮಾಲು ವಾಪಸ್ ಇಲ್ಲವಂತೆ. ಇರಲಿ, ಬಿಲ್ಲು ನನ್ನ ಹತ್ತಿರ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಮೈಸೂರಲ್ಲಿದ್ದರೂ ದೂರನ್ನ ಅಪ್ಪ ಇರೋ ಮಂಡ್ಯದಲ್ಲೇ ಕೊಡಬಹುದು, ಐದು ಲಕ್ಷದ ಒಳಗೆ ಶುಲ್ಕವೂ ಇಲ್ಲ. ಸೋಮವಾರ ರಜೆ ಹಾಕಿದ್ದೀನಿ.