ಶ್ರುತಿ ಸೇರುವ ತನಕ

ಶರತ್ಕಾಲದ ಗಾಯನ ಮಾಲಿಕೆಯ ಕರಪತ್ರ ಬಂದಿದೆ. ನಾಲ್ಕು ಸಂಜೆ, ನಾಲ್ವರು ಗಾಯಕರು, ನಾಲ್ಕು ಫೋಟೊ. ನಾಲ್ಕರಲ್ಲೂ ಹಿಂದೆ ಗಾರೆ ಉದುರಿದ ಇಟ್ಟಿಗೆ ಗೋಡೆ, ತಲೆಗೊಂದು ಮಾಸಿದ ಟೋಪಿ, ತೊಡೆಯ ಮೇಲೆ ಗಿಟಾರು. ಕಣ್ಣು ಮಾತ್ರ ಕ್ಯಾಮೆರಾ ಕಡೆಗಿಲ್ಲ. ಕೊಟ್ಟ ಸಾಲ ಕೇಳಲು ಯಾರೋ ಆ ಕಡೆಯಿಂದ ಬರುತ್ತಿದ್ದಾರೇನೋ ಎಂಬಂತೆ ಎಲ್ಲರೂ ಎಡಕ್ಕೇ ನೋಡುತ್ತಿದ್ದಾರೆ. ಕೆಳಗೆ ಒಬ್ಬೊಬ್ಬರಿಗೆ ಮೂರು ಮೂರು ಸಾಲಿನ ಹೊಗಳಿಕೆ: ಪ್ರಾಮಾಣಿಕ ದನಿ, ಮಣ್ಣಿನ ಸೊಗಡು, ಮನ ಮುಟ್ಟುವ ಕಥನ. ಸಾಲುಗಳನ್ನು ಅದಲು ಬದಲು ಮಾಡಿ ಅಚ್ಚು ಹಾಕಿಸಿದರೂ ಗಾಯಕರ ಮನೆಯವರಿಗೇ ಗೊತ್ತಾಗಲಿಕ್ಕಿಲ್ಲ. ಅಪ್ರಾಮಾಣಿಕ ದನಿಯವನು ಒಬ್ಬನಾದರೂ ಬರಲಿ ಎಂದು ನನಗೆ ಬಹಳ ದಿನಗಳ ಆಸೆ.

ಕರಪತ್ರ ತಂದವನು ನನ್ನ ಭಾವಮೈದ. "ಭಾವ, ಸೀಸನ್ ಪಾಸ್ ತಗೊಂಡ್ಬಿಟ್ಟೆ, ನಿಮ್ಮದೂ ಸೇರಿಸಿ" ಎಂದ. ಬಿಡಿ ಟಿಕೆಟ್ಟಾದರೆ ಮಳೆ ಬಂತು, ತಲೆ ಸಿಡಿಯುತ್ತಿದೆ ಎಂದೇನಾದರೂ ಹೇಳಿ ತಪ್ಪಿಸಿಕೊಳ್ಳಬಹುದು. ಪಾಸು ಹಾಗಲ್ಲ, ಬೀರುವಿನೊಳಗೆ ಕೂತುಕೊಂಡೇ ಲೆಕ್ಕ ಕೇಳುತ್ತದೆ.

ಹಾಡುಗಳ ಮೇಲೆ ನನ್ನ ತಕರಾರೇನೂ ಇಲ್ಲ. ಒಬ್ಬ ಮನುಷ್ಯ, ಒಂದು ಗಿಟಾರು, ತಾನೇ ಬರೆದ ನಾಲ್ಕು ಚರಣ. ಚೆನ್ನಾಗಿದ್ದಾಗ ಅದಕ್ಕಿಂತ ಹೆಚ್ಚಿನದು ಏನೂ ಬೇಡ ಅನ್ನಿಸುತ್ತದೆ. ತಕರಾರು ಇರುವುದು ಹಾಡು ಹಾಡುಗಳ ನಡುವಿನ ಹೊತ್ತಿನ ಮೇಲೆ. ಆ ಹೊತ್ತಿನ ಬಗ್ಗೆ ನನ್ನದೇ ಒಂದು ಸಿದ್ಧಾಂತವೂ ಇದೆ. ಅದನ್ನು ಹೇಳುವ ಮೊದಲು ಶ್ರುತಿಯ ವಿಚಾರ ಮುಗಿಸಿಬಿಡುತ್ತೇನೆ, ಒಂದು ನಿಮಿಷ.

ಒಂದು ಹಾಡು ಮುಗಿಯುತ್ತದೆ. ಚಪ್ಪಾಳೆ. ಗಾಯಕ ನಗುತ್ತಾನೆ, ನೀರು ಕುಡಿಯುತ್ತಾನೆ, ಆಮೇಲೆ ಬಿರಡೆಗೆ ಕೈ ಹಾಕುತ್ತಾನೆ. ಟೊಂಯ್. ಇನ್ನೊಮ್ಮೆ ಟೊಂಯ್. ಗಿಟಾರಿನ ತಲೆಗೆ ಕಚ್ಚಿಸಿದ ಪುಟಾಣಿ ಟ್ಯೂನರ್ ಒಂದಿರುತ್ತದೆ, ಸ್ವರ ಸೇರಿದಾಗ ಹಸಿರು ದೀಪ ಹತ್ತುತ್ತದೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಆ ದೀಪ ಸ್ಪಷ್ಟವಾಗಿ ಕಾಣಿಸುತ್ತದೆ, ಭಾವಮೈದನ ದೆಸೆಯಿಂದ ನಾವು ಯಾವಾಗಲೂ ಮುಂದಿನ ಸಾಲೇ. ದೀಪ ಹಸಿರಾಯಿತು, ನಾನು ಉಸಿರು ಬಿಟ್ಟೆ. ಅವನು ಕಿವಿಯನ್ನು ಗಿಟಾರಿನ ಹೆಗಲಿಗೆ ಆನಿಸಿ, ಎರಡನೇ ತಂತಿಯನ್ನು ಮತ್ತೆ ಮೀಟಿ, ಬಿರಡೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುವಿದ. ದೀಪ ಆರಿತು. ಯಂತ್ರಕ್ಕಾದ ಸಮಾಧಾನ ಯಜಮಾನನಿಗೆ ಆಗಲಿಲ್ಲ.

ಯಾಕೆ ಹೀಗೆ ಎಂದು ಭಾವಮೈದನನ್ನು ಕೇಳಬಾರದಿತ್ತು. ಅವನೂ ಗಿಟಾರು ನುಡಿಸುತ್ತಾನೆ. ವೇದಿಕೆಯ ದೀಪಗಳ ಬಿಸಿಗೆ ಉಕ್ಕಿನ ತಂತಿ ಹಿಗ್ಗುತ್ತದೆ, ಬಿಗಿ ಸಡಿಲವಾಗಿ ಸ್ವರ ಇಳಿಯುತ್ತದೆ. ಜನರ ಉಸಿರಿನ ತೇವಕ್ಕೆ ಮರ ಉಬ್ಬುತ್ತದೆ, ತಂತಿಗಳನ್ನು ಹೊತ್ತ ಕುದುರೆ ಮೇಲೆದ್ದು ಸ್ವರ ಏರುತ್ತದೆ. ಸ್ವರದ ಮಟ್ಟ ಏರಿಸಲು ಕುತ್ತಿಗೆಗೆ ಕಚ್ಚಿಸುವ ಕೇಪೊ ಎಂಬ ಹಿಡಿಕೆ ಹಾಕಿದರೆ ಅದೂ ತಂತಿಯನ್ನು ಅದುಮಿ ಇನ್ನಷ್ಟು ಏರಿಸುತ್ತದೆ. ಸಾಧಾರಣ ತೆಳು ತಂತಿಗಳನ್ನು ಹಾಕಿದ ಗಿಟಾರಿನಲ್ಲೂ ಆರೂ ತಂತಿ ಸೇರಿ ಎಳೆಯುವ ಬಲ 70 ಕೆ.ಜಿ. ತೂಕಕ್ಕೆ ಕಡಿಮೆಯಿಲ್ಲ. ಹಾಗಾಗಿ ಒಂದನ್ನು ಬಿಗಿದರೆ ಕುತ್ತಿಗೆ ಒಂದಿಷ್ಟು ಬಾಗಿ ಉಳಿದ ಐದೂ ಸಡಿಲವಾಗುತ್ತವೆ. ಅಂದರೆ ಗಾಯಕ ನಿಜಕ್ಕೂ ತನ್ನ ತೂಕದ ಇನ್ನೊಬ್ಬನ ಜೊತೆ ಕುಸ್ತಿ ಆಡುತ್ತಿದ್ದಾನೆ. ಇದೆಲ್ಲ ತಿಳಿದ ಮೇಲೆ ನನಗೆ ಅವನ ಮೇಲೆ ಕರುಣೆ ಬರಬೇಕಿತ್ತು.

ಕರುಣೆ ಬರದಿರುವುದಕ್ಕೆ ಕಾರಣವಿದೆ. ಆರು ತಂತಿಗೆ ಆರು ಸ್ವರ, ಮಾಮೂಲಿನ ಇ-ಎ-ಡಿ-ಜಿ-ಬಿ-ಇ ಶ್ರುತಿಯಲ್ಲೇ ಇಡೀ ಸಂಜೆ ಹಾಡಿದರೆ ಅರ್ಧ ಕುಸ್ತಿ ತಪ್ಪುತ್ತದೆ. ಆದರೆ ಈ ಪಂಥದವರು ಹಾಡಿಗೊಂದು ಶ್ರುತಿ ಇಟ್ಟುಕೊಂಡಿರುತ್ತಾರೆ. ಇದಕ್ಕೆ ದೊಡ್ಡವರ ಮೇಲ್ಪಂಕ್ತಿಯೂ ಉಂಟು. ಬ್ರಿಟನ್ನಿನ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಮೊರಾಕ್ಕೋದಲ್ಲಿ ಊದ್ ಎಂಬ ಅರಬ್ಬೀ ತಂತಿವಾದ್ಯದವರ ಜೊತೆ ನುಡಿಸಲು ಅನುಕೂಲವಾಗಲೆಂದು ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಇಳಿಸಿಕೊಂಡ ಎನ್ನುತ್ತಾರೆ. ಕೆನಡಾದ ಜೋನಿ ಮಿಚೆಲ್‌ಗೆ ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ಆಗಿತ್ತು. ಎಡಗೈ ಸೋತಿದ್ದರಿಂದ ಬೆರಳಿಗೆ ಸುಲಭವಾಗುವ ಶ್ರುತಿಗಳನ್ನು ಆಕೆ ತಾನೇ ಕಟ್ಟಿಕೊಂಡಳು; ಅಂಥವು 50ಕ್ಕೂ ಹೆಚ್ಚು. ಒಬ್ಬನಿಗೆ ಊದ್, ಒಬ್ಬಳಿಗೆ ಪೋಲಿಯೊ. ನಮ್ಮೆದುರು ಕೂತವನಿಗೆ ಏನಾಗಿದೆ? ದುಂಡುದುಂಡಾಗಿದ್ದಾನೆ, ಕೈಬೆರಳು ಹತ್ತೂ ನೆಟ್ಟಗಿವೆ.

ಹಳೆಯ ಕಾಲದಲ್ಲಾದರೂ ಇದನ್ನು ಮುಖದ ಮೇಲೆ ಹೇಳುವ ಧೈರ್ಯವಿತ್ತು. ಜರ್ಮನಿಯ ಯೋಹಾನ್ ಮ್ಯಾಥೆಸನ್ ಎಂಬ ಸಂಗೀತಜ್ಞ 1713ರಲ್ಲೇ, ಲ್ಯೂಟ್ ಎಂಬ ಹಳೆಯ ತಂತಿವಾದ್ಯ ನುಡಿಸುವವನು ಎಂಬತ್ತು ವರ್ಷ ಬದುಕಿದರೆ ಅದರಲ್ಲಿ ಅರವತ್ತು ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಎಂಬರ್ಥದ ಮಾತು ಬರೆದಿಟ್ಟ. ಅವನು ಇನ್ನೂ ಉದಾರಿ. ಹಾಗೆ ಶ್ರುತಿ ಮಾಡುವಾಗ ಎದುರಿಗೆ ಕೂತವರ ವರ್ಷಗಳನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

ಇದಕ್ಕೆ ತದ್ವಿರುದ್ಧ ಸಭೆಯೂ ಒಂದು ಇತ್ತು. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಛೇರಿ. ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ವೇದಿಕೆಯಲ್ಲಿ ಕೂತು ಸಿತಾರ್, ಸರೋದ್ ಶ್ರುತಿ ಮಾಡಿಕೊಂಡರು. ಮುಗಿಸಿದ ಕೂಡಲೇ ಸಭೆಯಿಂದ ಭೋರೆಂದು ಚಪ್ಪಾಳೆ. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತು ಎಂದು ರವಿಶಂಕರ್ ಮೆಲ್ಲಗೆ ಕುಟುಕಿದರು. ಎಲ್ಲರೂ ಇದನ್ನು ಆ ಜನರ ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳಿ ನಗುತ್ತಾರೆ. ನನಗೆ ಮಾತ್ರ ಆ ಜನ ಬಹಳ ಒಳ್ಳೆಯವರಾಗಿ ಕಾಣುತ್ತಾರೆ. ಸಿಕ್ಕಿದ್ದನ್ನು ಸಂಗೀತವೆಂದೇ ತೆಗೆದುಕೊಂಡು, ದಕ್ಷಿಣೆ ಸಲ್ಲಿಸಿ, ಮುಂದಿನದಕ್ಕೆ ಸಿದ್ಧರಾದರು. ನಾವು ಹಾಗೆ ಮಾಡಿ ನೋಡೋಣ ಎಂದು ಒಮ್ಮೆ ಭಾವಮೈದನಿಗೆ ಹೇಳಿದೆ. "ಭಾವ, ದಯವಿಟ್ಟು" ಎಂದು ನನ್ನ ಕೈ ಹಿಡಿದುಕೊಂಡ.

ಎಲ್ಲಿದ್ದೆ? ಸಿದ್ಧಾಂತ. ಆದರೆ ಕೈ ಬಿರಡೆ ತಿರುವುವಾಗ ಬಾಯಿ ಸುಮ್ಮನಿರುವುದಿಲ್ಲವಲ್ಲ, ಅದನ್ನೂ ಹೇಳಬೇಕು. ಮುಂದಿನ ಹಾಡು ಹುಟ್ಟಿದ ಕಥೆ ಶುರುವಾಗುತ್ತದೆ. ನಡುರಾತ್ರಿ ಕೆಟ್ಟು ನಿಂತ ವ್ಯಾನು, ಪೆಟ್ರೋಲ್ ಬಂಕಿನ ಮುದುಕಿ, ಆಕೆ ಕೊಟ್ಟ ಕಾಫಿ, ಆಕೆ ಆಡಿದ ಒಂದು ಮಾತು. ಕಥೆ ಮುಗಿದು ಹಾಡು ಶುರುವಾದರೆ ಮತ್ತೆ ವ್ಯಾನು ಕೆಡುತ್ತದೆ, ಮುದುಕಿ ಬರುತ್ತಾಳೆ, ಕಾಫಿ ಕೊಡುತ್ತಾಳೆ. ಸರಿ, ಅದಾದರೂ ಪರವಾಗಿಲ್ಲ. ಅಜ್ಜನ ಹಾಡು ಮಾತ್ರ ನನ್ನಿಂದ ಸಹಿಸಲಾಗದು. ಪ್ರತಿಯೊಬ್ಬನ ಬಳಿಯೂ ಒಂದು ಅಜ್ಜನ ಹಾಡು ಇದ್ದೇ ಇದೆ. ಅಜ್ಜ ಗಣಿಯಲ್ಲಿ ದುಡಿದಿದ್ದ, ಇಲ್ಲವೇ ರೈಲು ಹಳಿ ಹಾಸಿದ್ದ, ತೀರಾ ಇಲ್ಲವೆಂದರೆ ಮೀನು ಹಿಡಿಯಲು ಹೋಗಿ ಮರಳಿ ಬಂದಿರಲಿಲ್ಲ. ಇಷ್ಟು ಜನರಲ್ಲಿ ಒಬ್ಬನ ಅಜ್ಜನೂ ಗುಮಾಸ್ತನಾಗಿರಲಿಲ್ಲ, ಒಬ್ಬನ ಅಜ್ಜನೂ ಪಿಂಚಣಿ ತೆಗೆದುಕೊಳ್ಳಲಿಲ್ಲ. ಗುಮಾಸ್ತರಿಗೂ ಮೊಮ್ಮಕ್ಕಳಿರುತ್ತಾರೆ, ಅವರೂ ಗಿಟಾರು ಕಲಿಯುತ್ತಾರೆ. ಆ ಹಾಡುಗಳೆಲ್ಲ ಎಲ್ಲಿಗೆ ಹೋದವು?

ಇನ್ನು ಪಲ್ಲವಿಯ ಪಾಲು. "ಈಗ ಎಲ್ಲರೂ ಸೇರಿ" ಎಂದು ಗಾಯಕ ಕೈ ಎತ್ತುತ್ತಾನೆ. ಈ ಅಭ್ಯಾಸವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದವನು ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್. ಮುಂದಿನ ಸಾಲನ್ನು ಮೊದಲೇ ಕೂಗಿ ಹೇಳಿಕೊಟ್ಟು, ಎಂಥ ಸಭೆಯನ್ನಾದರೂ ಹಾಡಿಸಿಬಿಡುತ್ತಿದ್ದ. 2014ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಂತೂ, ತನ್ನ ದನಿ ಉಡುಗಿದ್ದರಿಂದ, ಹಾಡಿನ ಬಹುಪಾಲನ್ನು ಸಭೆಗೇ ವಹಿಸಿಬಿಡುತ್ತಿದ್ದ. ಸೀಗರ್ ಕೇಳಿದರೆ ನಾನೂ ಹಾಡುತ್ತಿದ್ದೆ. ಇಲ್ಲಿ ಸಭೆಯನ್ನು ಎಡ ಬಲ ಎಂದು ಹೋಳು ಮಾಡಿ, ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಹಂಚಿ, ಬಲಗಡೆಯವರ ದನಿ ಸಾಲದು ಎಂದು ಬೈಯುತ್ತಾರೆ. ನಾವು ಬಲಗಡೆ.

ಈ ಮಾಲಿಕೆಗಳಿಗೆ ಬರುವವರಲ್ಲಿ ಬರೀ ಕೇಳುಗರು ನನ್ನಂಥ ಒಂದಿಬ್ಬರೇ ಎಂದು ನನ್ನ ಗುಮಾನಿ. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು ಬೈಸಿಕೊಂಡ ಕಥೆಯನ್ನು ಇವರೆಲ್ಲ ನೂರು ಸಲ ಹೇಳುತ್ತಾರೆ. ನನಗೆ ಬೇಕಾದದ್ದು ಅದರ ಬಾಲ. ಅವನು ಮತ್ತೆ ಒಬ್ಬನೇ ಸಾದಾ ಗಿಟಾರಿನೊಂದಿಗೆ ವೇದಿಕೆಗೆ ಬಂದು, ಯಾರ ಹತ್ತಿರವಾದರೂ 'ಇ' ಶ್ರುತಿಯ ಹಾರ್ಮೋನಿಕಾ (ಮೌತ್ ಆರ್ಗನ್) ಇದೆಯೇ ಎಂದು ಕೇಳಿದ. ಸಭೆಯಿಂದ ವೇದಿಕೆ ಮೇಲೆ ಹಾರ್ಮೋನಿಕಾಗಳು ಬಂದು ಬಿದ್ದವು! ಇವತ್ತಿಗೂ ಹಾಗೇ. ನನ್ನ ಪಕ್ಕದವರ ಜೇಬು ಯಾವಾಗಲೂ ಉಬ್ಬಿಕೊಂಡಿರುತ್ತದೆ, ಅದು ಕನ್ನಡಕದ ಡಬ್ಬಿ ಎಂದು ನಂಬಿಕೊಂಡು ಕೂತಿರುತ್ತೇನೆ.

ಕೊನೆಗೆ ಮುಗಿಯಿತು ಅನ್ನುವ ಹೊತ್ತಿಗೆ ಮುಗಿದಿರುವುದಿಲ್ಲ. ಗಾಯಕ ನಮಸ್ಕರಿಸಿ ಒಳಗೆ ಹೋಗುತ್ತಾನೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇರುತ್ತಾರೆ, ಅವನು ಬೇಡ ಬೇಡವೆನ್ನುತ್ತ ಮರಳಿ ಬರುತ್ತಾನೆ. ದೊಡ್ಡ ರಂಗಮಂದಿರದಲ್ಲಿ ಇದು ನಡೆದೀತು. ಈ ಸಣ್ಣ ಸಭಾಂಗಣದಲ್ಲಿ ಒಳಗೆ ಎಂಬುದೇ ಇಲ್ಲ. ಇರುವುದು ಒಂದು ಗಿಡ್ಡ ಪರದೆ, ಅದರ ಹಿಂದೆ ಮಡಚಿಟ್ಟ ಕುರ್ಚಿಗಳು. ಅವನು ಆ ಕುರ್ಚಿಗಳ ಮಧ್ಯೆ ಗಿಟಾರು ಹಿಡಿದು ನಿಂತಿದ್ದಾನೆ. ಪರದೆಯ ಕೆಳಗೆ ಬೂಟು ಕಾಣಿಸುತ್ತಿದೆ. ಬೂಟಿನ ತುದಿ ನಮ್ಮ ಕಡೆಗೇ ತಿರುಗಿದೆ. ಇದನ್ನು ಇಡೀ ಸಭೆ ನೋಡುತ್ತಿದೆ, ನೋಡುತ್ತಲೇ ತಟ್ಟುತ್ತಿದೆ.

"ಜೋರಾಗಿ ತಟ್ಟಿ ಭಾವ," ಎಂದ ನನ್ನ ಭಾವಮೈದ, "ಇಲ್ಲಾಂದ್ರೆ ಬರಲ್ಲ."

ನಾನು ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ.