ಮ್ಯಾನೇಜರನ್ನು ನೋಡಿ ನಗುವ ಧೈರ್ಯ

ಇಲ್ಲಿ ಇಂಗ್ಲೆಂಡಿನಲ್ಲಿ ಆಫೀಸಿನ ಊಟದ ಹೊತ್ತಿಗೆ ಹಳೆಯ ಟಿ.ವಿ. ಹಾಸ್ಯದ ಮಾತು ಬಂತೆಂದರೆ ಅದು ಒಂದೇ ಕಡೆ ಹೋಗಿ ನಿಲ್ಲುತ್ತದೆ: "ಅಂಥದ್ದನ್ನೆಲ್ಲ ಈಗ ಮಾಡೋಕೆ ಬಿಡಲ್ಲ, ಆಗಿನವರಿಗೆ ಧೈರ್ಯ ಇತ್ತು." ಹಿಂದೆಯೇ ಯಾರಾದರೂ ಕೈ ಜೋಡಿಸಿ, ತಲೆ ಅಲ್ಲಾಡಿಸಿ, 'ಮೈಂಡ್ ಯುವರ್ ಲ್ಯಾಂಗ್ವೇಜ್' ಹಾಸ್ಯ ಧಾರಾವಾಹಿಯ ಸಿಖ್ ಪಾತ್ರ ರಂಜೀತ್ ಸಿಂಗ್ ಹಾಗೆ "ಎ ಥೌಸಂಡ್ ಅಪಾಲಜೀಸ್" ಅನ್ನುತ್ತಾರೆ. ಅಣಕಿಸಿದರೆ ಅಣಕಿಸಲಿ. ಅದಕ್ಕೆ ಧೈರ್ಯ ಅಂತ ಹೆಸರಿಟ್ಟಾಗ ಮಾತ್ರ ನನಗೆ ಸುಮ್ಮನಿರಲು ಆಗುವುದಿಲ್ಲ.

ಆ ಧಾರಾವಾಹಿ, ಬೇರೆ ದೇಶಗಳಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ಸಂಜೆ ಶಾಲೆಯ ಮೇಷ್ಟರೊಬ್ಬರ ಕೆಲಸದ ಕಥೆ. ಲಂಡನ್ ವೀಕೆಂಡ್ ಟೆಲಿವಿಷನ್ 1977ರಿಂದ 1979ರವರೆಗೆ ಅದರ 29 ಕಂತುಗಳನ್ನು ತೋರಿಸಿತು. ಹಾಸ್ಯ ಕಟ್ಟಿದ ರೀತಿ ಬಹಳ ಸರಳ. ತರಗತಿಯ ಪ್ರತಿಯೊಬ್ಬರಿಗೂ ಒಂದೊಂದು ದೇಶ, ಒಂದೊಂದು ಉಚ್ಚಾರ, ಒಂದೊಂದು ಚಾಳಿ. ಮೇಷ್ಟರು ಪ್ರಶ್ನೆ ಕೇಳುತ್ತಾರೆ, ಶಿಷ್ಯರು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಸ್ಟುಡಿಯೋದಲ್ಲಿ ಕೂತ ಜನ ನಗುತ್ತಾರೆ. ಅಪಾಯ ಯಾರಿಗಿತ್ತು? ಮೊದಲ ಕಂತು ಬಂದ 1977ರಲ್ಲೇ ವಲಸಿಗರ ವಿರುದ್ಧ ಕಡು ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್‌ನವರು ಲಂಡನ್ನಿನ ಲೂಯಿಶಮ್‌ನಲ್ಲಿ ಮೆರವಣಿಗೆ ಹೊರಟಿದ್ದರು. ಅಂಥ ಊರಿನಲ್ಲಿ ವಲಸಿಗರ ಇಂಗ್ಲಿಷ್ ಕೇಳಿ ನಗಿಸುವುದು ಗಾಳಿ ಬಂದ ಕಡೆ ತೂರಿಕೊಂಡಂತೆ. ಅದೇ ನಗರದ ಗ್ರನ್ವಿಕ್ ಫಿಲ್ಮ್ ಸಂಸ್ಕರಣೆ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿ ಮತ್ತು ಅವರ ಜೊತೆಗಾರ್ತಿಯರು 1976ರಿಂದ 1978ರವರೆಗೆ ಮುಷ್ಕರ ಹೂಡಿದ್ದರು. ಸೀರೆ ಉಟ್ಟ ಹೆಂಗಸರು ಗೇಟಿನಲ್ಲಿ ನಿಂತು ಮ್ಯಾನೇಜರ್‌ಗೆ ಎದುರು ಮಾತಾಡಿದ ಆ ಕೆಲಸದ ಜಾಗದ ಕಡೆಗೆ ನಾನು ನೋಡಿರುವ ಆ ಕಾಲದ ಯಾವ ಹಾಸ್ಯ ಧಾರಾವಾಹಿಯೂ ಕಣ್ಣೆತ್ತಿ ನೋಡಿಲ್ಲ. 'ಈಗಿನವರ ಸೂಕ್ಷ್ಮ' ಅಂತ ದೂರುವವರಿಗೆ ಇನ್ನೊಂದು ವಿಷಯ: ಈ ಧಾರಾವಾಹಿಯನ್ನು ನಿಲ್ಲಿಸಿದ್ದೇ ಆ ಕಾಲದವರು. ಚಾನೆಲ್ಲಿನ ಕಾರ್ಯಕ್ರಮಗಳ ಮುಖ್ಯಸ್ಥ ಮೈಕೆಲ್ ಗ್ರೇಡ್, ಇದು ಜನರನ್ನು ಒಂದೇ ಅಚ್ಚಿನಲ್ಲಿ ಹಾಕಿ ಅವಮಾನಿಸುತ್ತದೆ ಅಂತ ಆಗಲೇ ನಿಲ್ಲಿಸಿದರು.

ಬಟ್ಟೆ ಅಂಗಡಿಯ 'ಆರ್ ಯೂ ಬೀಯಿಂಗ್ ಸರ್ವ್ಡ್?' (1972–85, 69 ಕಂತು) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಮಾರಾಟದ ಕೆಲಸದ ಮಿಸೆಸ್ ಸ್ಲೋಕೂಂಬ್ ತನ್ನ ಬೆಕ್ಕಿನ, ಅಂದರೆ 'ಪುಸಿ'ಯ, ಬಗ್ಗೆ ಹೇಳುವ ಮಾತು ಕಾಗದದ ಮೇಲೆ ಶುದ್ಧ; ಆ ಪದಕ್ಕೆ ಇಂಗ್ಲಿಷಿನಲ್ಲಿ ಪೋಲಿ ಅರ್ಥವೂ ಇದೆ. ಹೇಳುವವಳಿಗೆ ಎರಡನೇ ಅರ್ಥ ಗೊತ್ತೇ ಇಲ್ಲದಂತೆ ಮುಖ ಇರಬೇಕು, ಕೇಳುವವನ ಹುಬ್ಬು ಮಾತ್ರ ಏಳಬೇಕು. ಹೇಳುವವಳು ಒಮ್ಮೆ ಕಣ್ಣು ಹೊಡೆದರೂ ಕೆಟ್ಟಿತು. ನಮ್ಮ ಕಂಪನಿ ನಾಟಕ ನೋಡಿದವರಿಗೆ ಈ ವಿದ್ಯೆ ಹೊಸದಲ್ಲ. ಅದಕ್ಕೆ ಬೇಕಾದದ್ದು ಜಾಣತನ, ಧೈರ್ಯ ಅಲ್ಲ. ಆ ಅಂಗಡಿಯ ಮಾಲೀಕ ಎಲ್ಲರ ಮುದ್ದಿನ ಮುದುಕನಾಗಿಯೇ ಉಳಿದ.

ಮಂತ್ರಿ ಮತ್ತು ಅವನ ಅಧಿಕಾರಿಗಳ ಕಥೆ ಹೇಳುವ, ಒಂದೂ ಕೆಟ್ಟ ಮಾತಿಲ್ಲದ 'ಯೆಸ್ ಮಿನಿಸ್ಟರ್' ನೋಡಿ. ಮೊದಲ ಕಂತು 1979ರ ಶುರುವಿನಲ್ಲೇ ಚಿತ್ರೀಕರಣವಾಗಿದ್ದರೂ, ಚುನಾವಣೆ ಹತ್ತಿರ ಇದೆ ಅಂತ ಬಿಬಿಸಿ ಅದನ್ನು 1980ರ ಫೆಬ್ರವರಿವರೆಗೆ ಹೊರಗೆ ಬಿಡಲಿಲ್ಲ. ಒಂದು ಕಂತಿನಲ್ಲಿ 500ಕ್ಕೂ ಹೆಚ್ಚು ಸಿಬ್ಬಂದಿ ಇರುವ ಹೊಸ ಆಸ್ಪತ್ರೆ ಬರುತ್ತದೆ. ಡಾಕ್ಟರಿಲ್ಲ, ನರ್ಸಿಲ್ಲ, ಒಬ್ಬ ರೋಗಿಯೂ ಇಲ್ಲ. ಆದರೂ ಅಲ್ಲಿ ಎಲ್ಲರಿಗೂ ಕೈ ತುಂಬ ಕೆಲಸ. ಹಿರಿಯ ಅಧಿಕಾರಿ ಸರ್ ಹಂಫ್ರಿ ಅದನ್ನು ಸಮರ್ಥಿಸಿಕೊಳ್ಳುವಾಗ ಎಲ್ಲೂ ಸುಳ್ಳು ಹೇಳುವುದಿಲ್ಲ. ಕಡತದ ಭಾಷೆಯಲ್ಲಿ ನಿಜವನ್ನೇ ಹೇಳುತ್ತಾನೆ. ವಿಧಾನಸೌಧದ ಕಾರಿಡಾರಿನಲ್ಲಿ ಫೈಲು ಹಿಂದೆ ಅಲೆದವರಿಗೆ ಆ ದೃಶ್ಯ ಈಗಲೂ ಸರಿಯಾದ ಜಾಗದಲ್ಲೇ ತಾಗುತ್ತದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ 2001ರ ಬ್ರಿಟಿಷ್ 'ದಿ ಆಫೀಸ್'. ಸ್ಲೌ ಊರಿನ ಕಾಗದ ಕಂಪನಿ, ಮ್ಯಾನೇಜರ್ ಡೇವಿಡ್ ಬ್ರೆಂಟ್, ಕಥೆಯೊಳಗೇ ಸಾಕ್ಷ್ಯಚಿತ್ರ ತೆಗೆಯುವವರ ಕ್ಯಾಮೆರಾ. ಎರಡನೇ ಸರಣಿಯಲ್ಲಿ ಬೆಂಕಿ ಡ್ರಿಲ್ ನಡೆಯುತ್ತದೆ. ಲಿಫ್ಟ್ ಬಳಸುವಂತಿಲ್ಲ. ಗಾಲಿಕುರ್ಚಿಯಲ್ಲಿರುವ ಬ್ರೆಂಡಾಳನ್ನು ಬ್ರೆಂಟ್ ಮತ್ತು ಅವನ ಸಹೋದ್ಯೋಗಿ ಗ್ಯಾರೆತ್ ಎತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ, ಸುಸ್ತಾಗುತ್ತದೆ, ಹೇಗೂ ಡ್ರಿಲ್ ತಾನೇ ಅಂತ ನಡುದಾರಿಯಲ್ಲೇ ಅವಳನ್ನು ಬಿಟ್ಟು ಹೊರಗೆ ಹೋಗುತ್ತಾರೆ. ಎರಡು ಸಾಲಿನಲ್ಲಿ ಹೇಳಿದರೆ ಕ್ರೂರ ಜೋಕು. ತೆರೆಯ ಮೇಲೆ ಮಾನ ಹೋಗುವುದು ಮಾತ್ರ ಬ್ರೆಂಟ್‌ನದು, ಯಾಕೆಂದರೆ ಕ್ಯಾಮೆರಾ ಇದ್ದಾಗಲೆಲ್ಲ ತಾನು ಎಷ್ಟು ಉದಾರಿ ಅಂತ ತೋರಿಸಿಕೊಳ್ಳುವವನು ಅವನು. ಜನರ ನಗುವಿನ ಧ್ವನಿಯನ್ನೂ ಇಲ್ಲಿ ಸೇರಿಸಿಲ್ಲ. ಸ್ಟುಡಿಯೋ ಹಾಸ್ಯದಲ್ಲಿ ನಟ ಪಂಚ್ ಹೇಳಿ ನಿಲ್ಲುತ್ತಾನೆ, ಜನ ನಕ್ಕ ಮೇಲೆ ಮುಂದಿನ ಮಾತು. ಆ ನಗು 'ನೀನೂ ನಗಬಹುದು' ಅಂತ ಮನೆಯಲ್ಲಿ ಕೂತವನಿಗೆ ಕೊಡುವ ಪರವಾನಗಿ. ಅದನ್ನು ತೆಗೆದುಬಿಟ್ಟರೆ ನೋಡುವವನೇ ನಿರ್ಧರಿಸಬೇಕು. ಅದೇ ಬ್ರೆಂಡಾ ದೃಶ್ಯಕ್ಕೆ ನಗುವಿನ ಧ್ವನಿ ಅಂಟಿಸಿದರೆ ಅದು ಗಾಲಿಕುರ್ಚಿಯ ಹೆಣ್ಣನ್ನು ನೋಡಿ ನಕ್ಕಂತೆಯೇ ಕೇಳಿಸುತ್ತದೆ.

ಇನ್ನು ನಮ್ಮ ಕಡೆ. ಬೆಂಗಳೂರಿನಲ್ಲಿ ತಯಾರಾದ ಹಾಸ್ಯದಲ್ಲಿ ಧಾರವಾಡದವನು "ಏನ್ರೀ ಮತ್ತ" ಅಂದರೆ ನಗು, ಮಂಗಳೂರಿನವನು "ಎಂಥದು ಮಾರಾಯ್ರೆ" ಅಂದರೆ ನಗು. ಆಫೀಸಿನ ದೃಶ್ಯ ಬಂದರೆ ತೊದಲುವ ಅಟೆಂಡರ್, ದಪ್ಪಗಿರುವ ಟೈಪಿಸ್ಟ್. ಸಾಹೇಬರ ಕುರ್ಚಿಗೆ ಧೂಳೂ ತಾಗುವುದಿಲ್ಲ. 1979ರಲ್ಲಿ ಲಂಡನ್ ನಾಚಿಕೊಂಡು ಬಿಟ್ಟದ್ದನ್ನು ನಾವು ಇನ್ನೂ ಹಬ್ಬದ ವಿಶೇಷ ಕಾರ್ಯಕ್ರಮದಲ್ಲಿ ಬಡಿಸುತ್ತಿದ್ದೇವೆ. ನನಗೆ ಸಿಟ್ಟು ಬರುವುದು ನಮ್ಮಲ್ಲಿ ಆ ಧೈರ್ಯ ಇದ್ದೇ ಇತ್ತು ಅನ್ನುವ ಕಾರಣಕ್ಕೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ದಲ್ಲಿ ಬರೆದಿಟ್ಟ ಸಂಭಾಷಣೆಗಿಂತ ಅವತ್ತಿನ ಪೇಪರ್ ಓದಿಕೊಂಡು ರಂಗದ ಮೇಲೆ ಸೇರಿಸಿದ ಮಾತು ಹೆಚ್ಚು ಕುಟುಕುತ್ತಿತ್ತು, ಅದೂ ಅಧಿಕಾರದಲ್ಲಿ ಇದ್ದವರನ್ನೇ. ಆ ನಾಲಿಗೆ ರಂಗದಿಂದ ಟಿ.ವಿ.ಗೆ ಬರಲೇ ಇಲ್ಲ.

ಬರದಿರಲು ಲೆಕ್ಕದ ಕಾರಣವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 'ಯೆಸ್ ಮಿನಿಸ್ಟರ್' ಒಂದು ಸರಣಿಗೆ 7 ಕಂತು, 'ದಿ ಆಫೀಸ್' 6 ಕಂತು. ಎರಡಕ್ಕೂ ಇಬ್ಬಿಬ್ಬರೇ ಬರಹಗಾರರು, ತಿದ್ದಲು ತಿಂಗಳುಗಟ್ಟಲೆ ಸಮಯ. ನಮ್ಮಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು ಕೊಡಬೇಕಾದ ಬರಹಗಾರ ಕೈಗೆ ಸಿಕ್ಕ ಉಚ್ಚಾರವನ್ನೇ ಹಿಡಿದು ನಗಿಸುತ್ತಾನೆ.

ರಂಜೀತ್ ಸಿಂಗ್‌ನ ವಿಷಯದಲ್ಲೂ ಒಂದು ಮಾತು ಒಪ್ಪಬೇಕು. ಅದೇ ದಶಕದಲ್ಲಿ ಬಿಬಿಸಿಯ 'ಇಟ್ ಎಯಿಂಟ್ ಹಾಫ್ ಹಾಟ್ ಮಮ್' ಭಾರತದ ದೇವಲಾಲಿಯಲ್ಲಿದ್ದ ಬ್ರಿಟಿಷ್ ಸೈನ್ಯದ ನಾಟಕ ತಂಡದ ಕಥೆ ಹೇಳುತ್ತ, ಭಾರತೀಯ ರಂಗಿ ರಾಮ್ ಪಾತ್ರಕ್ಕೆ ಬಿಳಿಯ ನಟ ಮೈಕೆಲ್ ಬೇಟ್ಸ್‌ಗೆ ಕಂದು ಬಣ್ಣ ಬಳಿದಿತ್ತು. ಅದರಲ್ಲೇ ಚಹಾ ಮಾರುವವನಾಗಿದ್ದ ಢಾಕಾ ಮೂಲದ ಡೀನೋ ಶಫೀಕ್, 'ಮೈಂಡ್ ಯುವರ್ ಲ್ಯಾಂಗ್ವೇಜ್'ನಲ್ಲಿ ಅಲಿ ಆದರು. ಶ್ರೀಲಂಕಾದಲ್ಲಿ ಹುಟ್ಟಿದ ಆಲ್ಬರ್ಟ್ ಮೋಸಸ್ ರಂಜೀತ್ ಆದರು. ಶಿಮ್ಲಾದಲ್ಲಿ ಹುಟ್ಟಿದ ಜಮೀಲಾ ಮಾಸಿ ಅದೇ ತರಗತಿಯ ಜಮೀಲಾ ಆದರು. ನಮ್ಮ ಕಡೆಯ ಮುಖಗಳು ವಾರವಾರವೂ ಬ್ರಿಟಿಷ್ ಟಿ.ವಿ.ಯಲ್ಲಿ ಕಾಣುವುದೇ ಅಪರೂಪವಾಗಿದ್ದಾಗ ಆ ಮೂವರೂ ತಮಗೆ ಸಿಕ್ಕ ಬಡ ಪಾತ್ರಗಳನ್ನು ಅಚ್ಚುಕಟ್ಟಾಗಿ ಮಾಡಿದರು. ಬರಹಕ್ಕೆ ನಾನು ಕೊಡದ ಮರ್ಯಾದೆ ಆ ನಟರಿಗೆ ಸಲ್ಲಬೇಕು.