ನಮ್ಮೂರು ತೋರಿಸ್ತೀನಿ ಬನ್ನಿ

ನಮ್ಮ ಮನೆಗೆ ಇಂಡಿಯಾದಿಂದ ಯಾರೇ ಬರಲಿ, ಮೂರನೇ ದಿನ ಬೆಳಗ್ಗೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಲು ಹೊರಡುತ್ತೇನೆ. ಮೊದಲೆರಡು ದಿನ ಅವರು ಕೂತಲ್ಲೇ ತೂಕಡಿಸುತ್ತಾ ಇರುತ್ತಾರೆ, ಆಗ ಏನು ತೋರಿಸಿದರೂ ದಂಡ. ನಾಲ್ಕನೇ ದಿನಕ್ಕೆ ಶಾಪಿಂಗ್ ನೆನಪಾಗುತ್ತದೆ. ಹಾಗಾಗಿ ಮೂರನೇ ದಿನವೇ ಸರಿ. ಇದಕ್ಕೆ ಮಗಳು 'ಅಪ್ಪನ ಟೂರ್' ಅಂತ ಹೆಸರಿಟ್ಟಿದ್ದಾಳೆ. ಹೆಂಡತಿ ಏನೂ ಹೆಸರಿಟ್ಟಿಲ್ಲ, ಆದರೆ ಆ ದಿನ ಅವಳಿಗೆ ಏನಾದರೊಂದು ಕೆಲಸ ಇದ್ದೇ ಇರುತ್ತದೆ.

ನಮ್ಮೂರು ಅಂದರೆ ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾ. ಚಿಕಾಗೋದಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರ್. ಬೆಟ್ಟ ಇಲ್ಲ, ಸಮುದ್ರ ಇಲ್ಲ, ಜಲಪಾತ ಇಲ್ಲ. ರೊಟ್ಟಿ ತಟ್ಟಿಟ್ಟ ಹಾಗೆ ಸಪಾಟು ನೆಲ, ಅದರ ತುಂಬ ಗೋವಿನಜೋಳ ಮತ್ತು ಸೋಯಾ. (ಮೈಸೂರು ಕಡೆಯವರು ಗೋವಿನಜೋಳವನ್ನು ಮುಸುಕಿನ ಜೋಳ ಎಂದು ಓದಿಕೊಳ್ಳಬಹುದು.) ಬರುವ ನೆಂಟರು ನಯಾಗರಾ ನೋಡಿಕೊಂಡು ಬಂದಿರುತ್ತಾರೆ, ಇಲ್ಲಾ ನೋಡಲು ಹೊರಟಿರುತ್ತಾರೆ. ನಡುವೆ ನಮ್ಮ ಮನೆ ಬಟ್ಟೆ ಒಗೆದುಕೊಳ್ಳುವ ನಿಲ್ದಾಣ. ಅಂಥವರಿಗೆ ಈ ಊರು ತೋರಿಸಿ 'ಹೇಗಿದೆ?' ಅಂತ ಕೇಳಲು ಸ್ವಲ್ಪ ಧೈರ್ಯ ಬೇಕು. ನನಗೆ ಅದು ಜಾಸ್ತಿಯೇ ಇದೆ.

ಹೋದ ಜೂನ್ ಕೊನೆಯಲ್ಲಿ ಅಕ್ಕ ಮತ್ತು ಮಾಮಾ ಬಂದಿದ್ದರು. ಮಾಮಾ ಅಂದರೆ ಅಕ್ಕನ ಗಂಡ. ನಮ್ಮದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ, ಅಲ್ಲಿ ಭಾವ ಅಂತ ಕರೆದರೆ ಯಾರೋ ಪರಊರಿನವನು ಬಂದ ಅಂದುಕೊಳ್ಳುತ್ತಾರೆ. ಅಕ್ಕನಿಗೆ ಮೊದಲಿನಿಂದಲೂ ಒಂದು ಅನುಮಾನ. ನಮ್ಮೂರಿನ ಜೋಡಿ ಊರಿನ ಹೆಸರು ಶಾಂಪೇನ್. "ಅದು ಕುಡಿಯೂದಲ್ಲೇನೋ?" ಅಂತ ಇಪ್ಪತ್ತು ವರ್ಷದಿಂದ ಫೋನಿನಲ್ಲಿ ಕೇಳುತ್ತಲೇ ಬಂದಿದ್ದಾಳೆ. ಹಾಗಾಗಿ ಟೂರ್ ಶುರುವಾಗುವುದೇ ರೈಟ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ. ಈ ಕಡೆ ಅರ್ಬಾನಾ, ಆ ಕಡೆ ಶಾಂಪೇನ್. ಹುಬ್ಬಳ್ಳಿ-ಧಾರವಾಡದ ನಡುವೆ 20 ಕಿಲೋಮೀಟರ್ ಇದ್ದರೂ 1962ರಲ್ಲೇ ಒಂದೇ ಪಾಲಿಕೆ ಆಯಿತು. ಇಲ್ಲಿ ನಡುವೆ ಒಂದು ರಸ್ತೆ ಅಷ್ಟೇ, ಆದರೂ ಎರಡು ಊರು, ಇಬ್ಬರು ಮೇಯರ್. 1854ರಲ್ಲಿ ರೈಲು ಬಂದಾಗ ಹಳಿಯನ್ನು ಅರ್ಬಾನಾಕ್ಕೆ ತರದೆ ಎರಡು ಮೈಲಿ ಪಶ್ಚಿಮಕ್ಕೆ ಹಾಕಿದರು. ಸ್ಟೇಷನ್ ಸುತ್ತ ಅಂಗಡಿ ಬೆಳೆದವು, ಅದೇ ಶಾಂಪೇನ್ ಆಯಿತು. ರೈಲು ಸಿಕ್ಕ ಊರಿಗೆ ವ್ಯಾಪಾರ, ಸಿಗದ ಊರಿಗೆ ಬಿಗುಮಾನ. ಧಾರವಾಡದಲ್ಲಿ ಓದಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಮನೆ ಮಾಡಿದ್ದು ಬಿಗುಮಾನದ ಕಡೆ.

ರಸ್ತೆಯ ಅಂಚಿಗೇ ಇಲಿನಾಯ್ ವಿಶ್ವವಿದ್ಯಾಲಯದ ಕಂಚಿನ ತಾಯಿಯ ಪ್ರತಿಮೆ ಇದೆ. ಕೈ ಚಾಚಿ ನಿಂತಿದ್ದಾಳೆ. ಅವಳ ಹಿಂದೆ ಇಬ್ಬರು ಕೈ ಕುಲುಕುತ್ತಾ ನಿಂತಿದ್ದಾರೆ, ಒಬ್ಬರ ಹೆಸರು ಕಲಿಕೆ, ಇನ್ನೊಬ್ಬರ ಹೆಸರು ದುಡಿಮೆ. ಲೊರಾಡೊ ಟಾಫ್ಟ್ ಎಂಬ ಶಿಲ್ಪಿ ಮಾಡಿದ್ದು, 1929ರದ್ದು. ಪದವಿ ಪಡೆದ ಪ್ರತಿಯೊಂದು ಹುಡುಗ ಹುಡುಗಿ ಕರಿ ಗೌನು ತೊಟ್ಟು ಇದರ ಮುಂದೆ ಕ್ಯೂ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಇಲ್ಲದಿದ್ದರೆ ಓದಿದ್ದಕ್ಕೆ ಸಾಕ್ಷಿಯೇ ಇಲ್ಲ. ನನ್ನ ಮಗಳು ಇಲ್ಲೇ ಓದಿದಳು. ಐದು ವರ್ಷದವಳಿದ್ದಾಗಿನಿಂದ ಆ ಮೆಟ್ಟಿಲ ಮೇಲೆ ಆಡಿದವಳು. ಅವಳ ಪದವಿ 2013ರ ಮೇ ತಿಂಗಳಲ್ಲಿ. ಆಗ ಪ್ರತಿಮೆ ರಿಪೇರಿಗೆ ಹೋಗಿತ್ತು! 2012ರಲ್ಲಿ ಹೋದದ್ದು ತಿರುಗಿ ಬಂದದ್ದು 2014ರ ಏಪ್ರಿಲ್‌ನಲ್ಲಿ. ಹಾಗಾಗಿ ನಮ್ಮ ಹಾಲ್‌ನಲ್ಲಿರುವ ಫೋಟೋದಲ್ಲಿ ಮಗಳು, ನಾನು, ಹೆಂಡತಿ, ಹಿಂದೆ ಬರೀ ಕಟ್ಟೆ. ಬಂದವರೆಲ್ಲ "ಈ ಕಟ್ಟೆ ಯಾಕೆ ತೆಗೆದಿರಿ?" ಅಂತ ಕೇಳುತ್ತಾರೆ. ಮಾಮಾ ಕೇಳಲಿಲ್ಲ. ಪ್ರತಿಮೆಯನ್ನು ಒಂದು ಸುತ್ತು ಹಾಕಿ ಬಂದು, "ಅಕಿ ಇಲ್ಲದ್ದು ಚಲೋ ಆತು ಬಿಡೋ, ನೀವು ಮೂರೂ ಮಂದಿ ಛಂದಾಗಿ ಕಾಣ್ತೀರಿ" ಅಂದರು. ಆ ಕ್ಷಣಕ್ಕೆ ಅವರ ಮೇಲೆ ಪ್ರೀತಿ ಬಂತು. ಮಧ್ಯಾಹ್ನದ ಹೊತ್ತಿಗೆ ಕಡಿಮೆಯಾಯಿತು, ಅದು ಬೇರೆ ಮಾತು.

ಅಲ್ಲಿಂದ ಮುಂದೆ ನೊಬೆಲ್ ವಿಭಾಗ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್ 1951ರಿಂದ ಇಲ್ಲೇ ಪಾಠ ಮಾಡುತ್ತಿದ್ದರು. ಭೌತಶಾಸ್ತ್ರದಲ್ಲಿ ಎರಡು ಸಲ, 1956 ಮತ್ತು 1972ರಲ್ಲಿ, ನೊಬೆಲ್ ಪಡೆದವರು ಇಡೀ ಜಗತ್ತಿಗೆ ಅವರೊಬ್ಬರೇ. ಎರಡನೆಯದರ ಸುದ್ದಿ ಬಂದ ದಿನ ಅವರ ಮನೆಯ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲವಂತೆ, ಬಾಗಿಲಿನ ಯಂತ್ರದಲ್ಲಿದ್ದ ಟ್ರಾನ್ಸಿಸ್ಟರ್ ಕೈಕೊಟ್ಟಿತ್ತಂತೆ. ಇದು ಊರಿನಲ್ಲಿ ಎಲ್ಲರೂ ಹೇಳುವ ಕಥೆ, ನಾನು ಸ್ವಲ್ಪ ಅಭಿನಯ ಸೇರಿಸಿ ಹೇಳುತ್ತೇನೆ. ಆಮೇಲೆ 1993ರಲ್ಲಿ ಚಿತ್ರ ಸಮೇತ ವೆಬ್ ಪುಟ ತೋರಿಸಿ ಮನೆಮಾತಾದ ಮೊಸಾಯಿಕ್ ಬ್ರೌಸರ್ ಇಲ್ಲಿಯ ಹುಡುಗರು ಮಾಡಿದ್ದು ಅಂತ ಹೇಳುತ್ತೇನೆ. ಆಗ ಮಾಮಾ ತಮ್ಮ ಮೊಬೈಲ್‌ನಲ್ಲಿ ವಾಟ್ಸಪ್ ನೋಡುತ್ತಿದ್ದರು. ಅದೂ ಒಂದು ಥರದ ಗೌರವವೇ.

ಇಷ್ಟೆಲ್ಲ ಹೇಳುವಾಗ ಒಂದು ಗಮನಿಸಿದ್ದೀನಿ. ಇದರಲ್ಲಿ ನಾನು ಮಾಡಿದ್ದು ಏನೂ ಇಲ್ಲ. ಆದರೂ ಎದೆ ಉಬ್ಬುತ್ತದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಲು ಮಾತ್ರ ಇವತ್ತಿಗೂ ನಾಲಿಗೆ ಹೊರಳುವುದಿಲ್ಲ. ನಮ್ಮ ಕಡೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವನನ್ನು ಜನ ಹೇಗೆ ನೋಡುತ್ತಾರೆ ಅಂತ ಗೊತ್ತಲ್ವಾ? ಇಲ್ಲಿ ಅದೇ ನೌಕರಿಯ ಭಾಗ. ವರ್ಷಕ್ಕೊಮ್ಮೆ ಒಂದು ಫಾರಂ ಬರುತ್ತದೆ, ಈ ವರ್ಷ ನೀನು ಏನು ಸಾಧಿಸಿದೆ, ಯಾಕೆ ಅದು ಬಹಳ ಮುಖ್ಯ, ನೀನೇ ಬರೆದುಕೊಡು. ಮೊದಲ ವರ್ಷ ನಾನು ಸಂಕೋಚದಿಂದ ಅರ್ಧ ಪುಟ ಬರೆದು, ಕೊನೆಗೆ 'ಇನ್ನೂ ಬಹಳ ಕಲಿಯುವುದಿದೆ' ಅಂತ ಸೇರಿಸಿದೆ. ಅದನ್ನು ಓದಿದ ಹಿರಿಯ ಸಹೋದ್ಯೋಗಿ ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ, ಮೆಲ್ಲಗೆ ಕೇಳಿದರು: "ಆರೋಗ್ಯ ಸರಿ ಇಲ್ಲವಾ?"

ನಾನು ಮಣ್ಣಿನ ಪ್ರೊಫೆಸರ್. ಧಾರವಾಡದ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ, ನೆಬ್ರಾಸ್ಕಾದಲ್ಲಿ ಪಿಎಚ್‌ಡಿ, 1996ರಿಂದ ಇಲ್ಲಿ. ಡಾಕ್ಟರ್ ಆದೆ ಅಂತ ಹಳ್ಳಿಗೆ ಕಾಗದ ಬರೆದಾಗ ಮೊಣಕಾಲು ನೋವಿನವರು ಇಬ್ಬರು ಅಪ್ಪನ ಹತ್ತಿರ ಬಂದು ವಿಚಾರಿಸಿದರಂತೆ. ಅಪ್ಪ, "ಅಂವಾ ಮಣ್ಣಿನ ಡಾಕ್ಟರಪ್ಪಾ" ಅಂತ ಹೇಳಿ ಕಳಿಸಿ, ನನಗೆ ಫೋನಿನಲ್ಲಿ "ಮಣ್ಣ ಹೊರಾಕ ಅಷ್ಟ ದೂರ ಹೋಗಬೇಕಾಗಿತ್ತೇನೋ?" ಅಂದಿದ್ದ. 2002ರಲ್ಲಿ ನೌಕರಿ ಕಾಯಂ ಆಯಿತು. ಅದು ಹಳ್ಳಿಗೆ ಸರಿಯಾಗಿ ಅರ್ಥವಾದ ನನ್ನ ಒಂದೇ ಸಾಧನೆ, ಯಾಕೆಂದರೆ ಪರ್ಮನೆಂಟ್ ಅನ್ನುವ ಶಬ್ದ ಎಲ್ಲರಿಗೂ ಗೊತ್ತು. ಆದರೆ ಆರು ವರ್ಷ ಪ್ರೊಬೇಷನ್ ಯಾಕೆ ಇಟ್ಟಿದ್ದರು, ಹುಡುಗ ಅಲ್ಲಿ ಏನು ಮಾಡಿಕೊಂಡಿದ್ದ ಅಂತ ಒಂದು ಸಂಶಯ ಉಳಿದೇ ಹೋಯಿತು.

ಟೂರಿನ ನಡುಭಾಗ, ಅಂದರೆ ನನ್ನ ಮಟ್ಟಿಗೆ ಗರ್ಭಗುಡಿ, ಮಾರೋ ಪ್ಲಾಟ್ಸ್. ಕ್ಯಾಂಪಸ್ಸಿನ ನಟ್ಟನಡುವೆ, ಸುತ್ತ ದೊಡ್ಡ ದೊಡ್ಡ ಕಟ್ಟಡಗಳಿರುವಲ್ಲಿ, ಒಂದು ಪುಟ್ಟ ಜೋಳದ ಹೊಲ. 1876ರಿಂದ ಅಲ್ಲಿ ಪ್ರಯೋಗ ನಡೆಯುತ್ತಿದೆ, ಅಮೆರಿಕದಲ್ಲಿ ಇಷ್ಟು ಹಳೆಯ ಪ್ರಯೋಗದ ಹೊಲ ಇನ್ನೊಂದಿಲ್ಲ. ಒಂದು ತುಂಡಿನಲ್ಲಿ ಅಂದಿನಿಂದ ಇಂದಿನವರೆಗೆ ಬರೀ ಗೋವಿನಜೋಳ, ಪಕ್ಕದ ತುಂಡುಗಳಲ್ಲಿ ಬೆಳೆ ಬದಲಿಸುತ್ತಾ ಹೋಗುತ್ತಾರೆ. ಪಕ್ಕದಲ್ಲಿ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಕಟ್ಟಬೇಕು ಅಂತ ಬಂದಾಗ ಪ್ರಶ್ನೆ ಎದ್ದಿತು, ಕಟ್ಟಡದ ನೆರಳು ಜೋಳದ ಮೇಲೆ ಬಿದ್ದರೆ ನೂರು ವರ್ಷದ ಲೆಕ್ಕವೇ ಕೆಡುತ್ತದಲ್ಲ? ಸರಿ, ಗ್ರಂಥಾಲಯವನ್ನೇ ನೆಲದ ಕೆಳಗೆ ಎರಡು ಅಂತಸ್ತು ಇಳಿಸಿ ಕಟ್ಟಿದರು. 1969ರಲ್ಲಿ ತೆರೆಯಿತು. ನಾನು ನೌಕರಿಗೆ ಸಂದರ್ಶನಕ್ಕೆ ಬಂದ ದಿನ ಇದನ್ನು ಕೇಳಿದೆ. ಸಂಬಳ ಎಷ್ಟು ಅಂತ ಕೇಳುವ ಮೊದಲೇ ಮನಸ್ಸಿನಲ್ಲಿ ಹೂಂ ಅಂದುಬಿಟ್ಟಿದ್ದೆ. ಜೋಳಕ್ಕೆ ನೆರಳಾಗುತ್ತದೆ ಅಂತ ಪುಸ್ತಕಗಳನ್ನು ಬಗ್ಗಿಸಿದ ಊರು, ಅಲ್ಲಿ ಒಬ್ಬ ಒಕ್ಕಲುತನದ ಮನೆಯ ಹುಡುಗನಿಗೆ ಜಾಗ ಇಲ್ಲದೆ ಇರುತ್ತದಾ?

ಅಪ್ಪ ಒಂದೇ ಸಲ ಬಂದಿದ್ದ, 2004ರಲ್ಲಿ. ಅವನಿಗೂ ಇದನ್ನೆಲ್ಲ ಹೇಳಿದೆ, ಬರೀ ಜೋಳ ಬಿತ್ತಿದ ತುಂಡಿನಲ್ಲಿ ಇಳುವರಿ ಹೇಗೆ ಕುಸಿಯಿತು, ಬೆಳೆ ಬದಲಿಸಿದಲ್ಲಿ ಹೇಗೆ ನಿಂತಿತು ಅಂತ ಕೈಯಲ್ಲಿ ಗೆರೆ ಎಳೆದು ತೋರಿಸಿದೆ. ಪೂರ್ತಿ ಕೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇಷ್ಟ ತಿಳಿಯಾಕ ಇವರಿಗೆ ನೂರಿಪ್ಪತ್ತೆಂಟ ವರ್ಷ ಬೇಕಾತೇನ? ನಮ್ಮ ಮುತ್ಯಾನ್ನ ಕೇಳಿದ್ರ ನಿಂತಲ್ಲೇ ಹೇಳ್ತಿದ್ದ" ಅಂದ. ನನ್ನ ಇಡೀ ವೃತ್ತಿಗೆ ಇಷ್ಟು ಚಿಕ್ಕದಾದ ವಿಮರ್ಶೆ ಇನ್ನೊಂದು ಬಂದಿಲ್ಲ. ಆಮೇಲೆ ನನ್ನ ಪ್ರಯೋಗದ ಹೊಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಾತ್ರ ಅವನು ಸುಮ್ಮನಾದ. ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದ. ಹೆಬ್ಬೆರಳಲ್ಲಿ ತಿಕ್ಕಿದ, ಮೂಸಿದ, ಸ್ವಲ್ಪ ಉಗುಳು ಹಾಕಿ ಬತ್ತಿ ಹೊಸೆದ. "ಎರಿ" ಅಂದ. ಕಪ್ಪು ಮಣ್ಣು ಅಂದರೆ ನಮ್ಮ ಕಡೆ ಎರೆಯೇ. ಆಮೇಲೆ ನೆಲವನ್ನು ಎಲ್ಲ ಕಡೆ ನೋಡಿ, "ಆದ್ರ ಬಿರದಿಲ್ಲಲ್ಲೋ" ಅಂದ. ನವಲಗುಂದದ ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಈ ಮಣ್ಣು ಹಾಗೆ ಬಿರಿಯುವುದಿಲ್ಲ. ನಾನು ಅದಕ್ಕೆ ಕಾರಣ ವಿವರಿಸಲು ಹೊರಟೆ. ಅವನಿಗೆ ಬೇಕಾಗಿರಲಿಲ್ಲ. ಮಣ್ಣನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡ.

ಆ ಮಣ್ಣಿನ ಹೆಸರು ಡ್ರಮ್ಮರ್. ರಾಜ್ಯಕ್ಕೊಂದು ಪಕ್ಷಿ, ಒಂದು ಹೂವು ಇರುವ ಹಾಗೆ ಇಲಿನಾಯ್‌ಗೆ ಒಂದು ಅಧಿಕೃತ ಮಣ್ಣೂ ಇದೆ, ಅದು ಇದೇ. ಸಾವಿರಾರು ವರ್ಷ ಆಳೆತ್ತರದ ಹುಲ್ಲು ಬೆಳೆದು, ಬೇರು ಕೊಳೆತು ಕೊಳೆತು ಕಪ್ಪಾದದ್ದು. ಮೊದಲು ಇದೆಲ್ಲ ಜೌಗು, ಸೊಳ್ಳೆ, ಚಳಿಜ್ವರ. ರೈತರು ಸುಟ್ಟ ಮಣ್ಣಿನ ಕೊಳವೆಗಳನ್ನು ನೆಲದೊಳಗೆ ಮೂರ್ನಾಲ್ಕು ಅಡಿ ಆಳಕ್ಕೆ ಹೂತು ನೀರು ಬಸಿದರು, ಆಗ ಹೊಲವಾಯಿತು. ಈಗ ಪ್ಲಾಸ್ಟಿಕ್ ಕೊಳವೆ. ಆದರೆ ನೀರಿನ ಜೊತೆ ಗೊಬ್ಬರದ ನೈಟ್ರೇಟೂ ಬಸಿದು ಹೋಗುತ್ತದೆ, ಕಾಲುವೆಯಿಂದ ಹೊಳೆಗೆ, ಹೊಳೆಯಿಂದ ಮಿಸಿಸಿಪ್ಪಿಗೆ, ಕೊನೆಗೆ ಮೆಕ್ಸಿಕೋ ಕೊಲ್ಲಿಗೆ ಹೋಗಿ ಅಲ್ಲಿ ಪಾಚಿ ಬೆಳೆಸಿ ಮೀನಿಗೆ ಉಸಿರು ಇಲ್ಲದ ಹಾಗೆ ಮಾಡುತ್ತದೆ. ಆ ಕೊಳವೆಯ ಬಾಯಿಗೆ ಬಾಟಲಿ ಹಿಡಿದು, ಎಷ್ಟು ಹೋಗುತ್ತಿದೆ, ಹೇಗೆ ತಡೆಯಬಹುದು ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ. ಹತ್ತಿರ ಹತ್ತಿರ ಮೂವತ್ತು ವರ್ಷ. ಮಾರ್ಚ್ ತಿಂಗಳ ಮಳೆಯಲ್ಲಿ ಕಾಲುವೆಯ ದಂಡೆಯಿಂದ ಜಾರಿ ಎರಡು ಸಲ ಬಿದ್ದಿದ್ದೇನೆ, ಬಾಟಲಿ ಬಿಟ್ಟಿಲ್ಲ. ಇದನ್ನು ಹೇಳಿದಾಗ ಅಕ್ಕ, "ಅಂದ್ರ ಇಷ್ಟೆಲ್ಲಾ ಓದಿ ನೀ ಗಟಾರದ ನೀರ ಹಿಡಿತೀಯೇನೋ?" ಅಂದಳು. ಹೌದು ಅಂದೆ. ತಪ್ಪೇನಿಲ್ಲವಲ್ಲ.

ಪಾಠದ ವಿಷಯಕ್ಕೆ ಬಂದರೆ ನನ್ನ ಹತ್ತಿರ ಇರುವ ದೊಡ್ಡ ಪ್ರಶಸ್ತಿ ನಮ್ಮ ಫ್ರಿಜ್ಜಿನ ಮೇಲಿದೆ. ಮೊದಲ ವರ್ಷ ಒಬ್ಬ ವಿದ್ಯಾರ್ಥಿ, ಹೆಸರಿಲ್ಲದೆ, ಬರೆದದ್ದು: ಈ ಮನುಷ್ಯ ಹೇಳುವುದು ಅರ್ಧ ಅರ್ಥವಾಗಲ್ಲ, ಆದರೆ ಮಣ್ಣು ಅಂದರೆ ಇವರಿಗೆ ಜೀವ. ನನಗೆ ಅವಮಾನವಾಗಿತ್ತು. ಹೆಂಡತಿ ಓದಿ, ಏನೂ ಹೇಳದೆ ಆಯಸ್ಕಾಂತದ ಕೆಳಗೆ ಸಿಕ್ಕಿಸಿದಳು. ಫ್ರಿಜ್ ಮೂರು ಬದಲಾಗಿವೆ, ಕಾಗದ ಅದೇ.

ಹೆಂಡತಿಯ ವಿಷಯ ಹೇಳಲೇಬೇಕು. ಅವಳು ಊರಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಾಳೆ. ಇಪ್ಪತ್ತು ವರ್ಷದಿಂದ ಊರಿನ ಮಕ್ಕಳಿಗೆಲ್ಲ ಕಥೆ ಓದಿದ್ದಾಳೆ, ಆ ಮಕ್ಕಳಲ್ಲಿ ಕೆಲವರಿಗೆ ಈಗ ಮೀಸೆ ಬಂದಿದೆ. ಶನಿವಾರದ ರೈತರ ಸಂತೆಗೆ ಹೋದರೆ ಹತ್ತು ಜನ ಅವಳನ್ನು ನಿಲ್ಲಿಸಿ ಮಾತಾಡಿಸುತ್ತಾರೆ, ನಾನು ಬದನೆಕಾಯಿ ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ. "ಓ, ನೀವು ಅವರ ಗಂಡ ಅಲ್ವಾ!" ಅಂತ ಒಬ್ಬರು ಕೈ ಕುಲುಕುತ್ತಾರೆ. ಪ್ರಬಂಧ ನೂರು ಬರೆದರೂ ಸಿಗದ ಗುರುತು. ಮಾಮಾ ಇದನ್ನು ಕಣ್ಣಾರೆ ನೋಡಿದರು, ನೋಡಿ ಬಹಳ ಸಂತೋಷಪಟ್ಟರು, ಜಾಸ್ತಿಯೇ ಪಟ್ಟರು.

ಮಗಳು ಈಗ ಚಿಕಾಗೋದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಾಳೆ. "ಮತ್ತ ಐಟಿ?" ಅಂತ ಮಾಮಾ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಗ ಅಕ್ಕನಿಗೆ ಮಣ್ಣೆತ್ತಿನ ಕಥೆ ಹೇಳಿದೆ. ಮಗಳಿಗೆ ಏಳು ವರ್ಷ, ಮಣ್ಣೆತ್ತಿನ ಅಮಾವಾಸ್ಯೆ. ಹಿತ್ತಲಲ್ಲಿ ಡ್ರಮ್ಮರ್ ಅಗೆದು, ಕಲಸಿ, ನಾದಿ, ನಾನೂ ಅವಳೂ ಒಂದು ಜೋಡಿ ಎತ್ತು ಮಾಡಿದ್ದೆವು. ಎರೆಯಷ್ಟು ಅಂಟು ಇಲ್ಲ ಈ ಮಣ್ಣಿಗೆ, ಒಣಗುತ್ತಿದ್ದ ಹಾಗೆ ಬಲಗಡೆಯ ಎತ್ತಿನ ಒಂದು ಕೊಂಬು ಉದುರಿತು. ಜೋಳದ ಕಾಳು ಕಣ್ಣಿಗೆ ಒತ್ತಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದೆವು. ಅವಳು ಅದನ್ನು ಬೇಸಿಗೆ ಶಿಬಿರಕ್ಕೆ ತೋರಿಸಲು ಒಯ್ದಳು. ಅಲ್ಲಿಯ ಟೀಚರ್ "ಎಷ್ಟು ಮುದ್ದಾದ ಹಸುಗಳು!" ಅಂದರಂತೆ. ಇವಳು ಎದ್ದು ನಿಂತು, ಇವು ಹಸು ಅಲ್ಲ ಎತ್ತು, ಒಂದರ ಕೊಂಬು ಹೋಗಿದ್ದಕ್ಕೆ ನಮ್ಮಪ್ಪ ಕಾರಣ ಅಲ್ಲ, ಮಣ್ಣಿನಲ್ಲಿ ಜಿಗಿ ಕಡಿಮೆ ಅಂದಳಂತೆ. ಸಂಜೆ ಟೀಚರ್ ಫೋನ್ ಮಾಡಿ ನಗುತ್ತಾ ಹೇಳಿದರು. ಆ ಒಂಟಿ ಕೊಂಬಿನ ಎತ್ತು ಇನ್ನೂ ನನ್ನ ಆಫೀಸಿನ ಕಿಟಕಿಯಲ್ಲಿದೆ. ಅಕ್ಕ ಅದನ್ನು ನೋಡಲೇಬೇಕು ಅಂದಳು. ಟೂರಿನಲ್ಲಿ ಇಲ್ಲದ ಜಾಗ, ಆದರೂ ಹೋದೆವು. ಅಕ್ಕ ಸೆರಗಿನಿಂದ ಎತ್ತಿನ ಮೇಲಿನ ಧೂಳು ಒರೆಸಿ, ಅಭ್ಯಾಸಬಲದಿಂದ ಕೈ ಮುಗಿದಳು.

ಹೊರಡುವ ಹಿಂದಿನ ದಿನ ಮಾಮಾ ಊಟ ಮುಗಿಸಿ ತೀರ್ಪು ಕೊಟ್ಟರು. "ಊರು ಚಲೋ ಐತಿ. ಮಂದೀನೂ ಚಲೋ. ಆದ್ರ ನೋಡಾಕ ಏನೂ ಇಲ್ಲ ಬಿಡೋ." ನಾನು ನಕ್ಕು ಸುಮ್ಮನಾದೆ.

ತಿಂಗಳಾದ ಮೇಲೆ ಅಕ್ಕನ ಫೋನ್. ಹಿಂದೆ ಜನರ ಗದ್ದಲ, ಯಾರದೋ ಮನೆಯ ಸೀಮಂತ. ಅದರ ನಡುವೆ ಮಾಮಾನ ದೊಡ್ಡ ದನಿ ಕೇಳಿಸುತ್ತಿತ್ತು. ನಯಾಗರಾದ ಸುದ್ದಿ ಇರಬಹುದು ಅಂದುಕೊಂಡೆ. "ಏನ ಹೇಳಾಕತ್ತಾರ?" ಅಂತ ಕೇಳಿದೆ. ಅಕ್ಕ ಫೋನನ್ನು ಅವರ ಕಡೆ ಹಿಡಿದಳು.

"ನಮ್ಮ ಮನ್ಯಾಕಿ ತಮ್ಮನ ಊರಾಗ," ಮಾಮಾ ಹೇಳುತ್ತಿದ್ದರು, "ಗೋಂಜಾಳಕ್ಕ ನೆಳ್ಳ ಬೀಳ್ತದಂತ ಲೈಬ್ರರೀನ ನೆಲದಾಗ ಹುಗದಾರ! ನಾಕ ಅಂತಸ್ತಿಂದ!"

ಎರಡು ಅಂತಸ್ತು. ಆದರೆ ನಾನು ತಿದ್ದಲಿಲ್ಲ.